ನಮ್ಮ ನಂಬಿಕೆ ಎಷ್ಟು ನಮ್ಮದು, ಎಷ್ಟು ಮನೆಯದು?

[ಪರದೆ: ಮುಚ್ಚಿದ ಬಿಸ್ಕತ್ತಿನ ಡಬ್ಬಿ. ಕೈಯೊಂದು ತೆರೆಯುತ್ತದೆ. ಒಳಗೆ ಸಣ್ಣ ಕಲ್ಲುಗಳು.]

ಡಬ್ಬಿಯ ಮೇಲೆ ಬಿಸ್ಕತ್ತಿನ ಚಿತ್ರ, ಒಳಗೆ ಕಲ್ಲು. ಮಗುವಿಗೆ ಅದನ್ನು ತೆರೆದು ತೋರಿಸಿ, ಮತ್ತೆ ಮುಚ್ಚಿ ಕೇಳುತ್ತಾರೆ: "ಅಮ್ಮ ಇದನ್ನ ನೋಡಿದ್ರೆ ಒಳಗೆ ಏನಿದೆ ಅಂದ್ಕೋತಾಳೆ?" ಮೂರು ವರ್ಷದವರು ಹೆಚ್ಚಾಗಿ "ಕಲ್ಲು" ಅನ್ನುತ್ತಾರೆ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಅಂದುಕೊಳ್ಳುವ ವಯಸ್ಸದು. ಐದು ದಾಟುವ ಹೊತ್ತಿಗೆ ಉತ್ತರ "ಬಿಸ್ಕತ್ತು" ಆಗುತ್ತದೆ. ಅಮ್ಮನೂ ಮೋಸಹೋಗಬಹುದು ಎಂದು ಮಗುವಿಗೆ ತಿಳಿದಿರುತ್ತದೆ. ಅದೇ ಪ್ರಶ್ನೆಯನ್ನು ದೇವರ ಬಗ್ಗೆ ಕೇಳಿದರೆ? ಆ ದೊಡ್ಡ ಮಕ್ಕಳೂ "ದೇವರಿಗೆ ಕಲ್ಲು ಅಂತ ಗೊತ್ತಿರುತ್ತೆ" ಎಂದರು.

ಮನೋವಿಜ್ಞಾನಿ ಜಸ್ಟಿನ್ ಬ್ಯಾರೆಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಮಕ್ಕಳು ಅಮೆರಿಕದ ಕ್ರೈಸ್ತ ಕುಟುಂಬಗಳವರು. ಎಲ್ಲವನ್ನೂ ಬಲ್ಲ ದೇವರೊಬ್ಬನಿದ್ದಾನೆ ಎಂಬ ಕಲ್ಪನೆ ಆ ವಯಸ್ಸಿಗೇ ಅಷ್ಟು ಗಟ್ಟಿಯಾಗಿ ಕೂತಿರುತ್ತದೆ.

[ಪರದೆ: ಮಗು ಕೈ ತೊಳೆಯುತ್ತಿದೆ.]

ಕೂರಿಸುವವರು ಯಾರು? ಪಾಠ ಹೇಳಿದವರು ಎಂದು ನಾವು ತಟ್ಟನೆ ಹೇಳುತ್ತೇವೆ. ಆದರೆ ಪಾಠಕ್ಕಿಂತ ಮಾತಿನ ಧಾಟಿ ದೊಡ್ಡದು. ಮಗು ಕ್ರಿಮಿಯನ್ನೂ ಕಂಡಿಲ್ಲ, ದೇವರನ್ನೂ ಕಂಡಿಲ್ಲ. ಎರಡನ್ನೂ ಹಿರಿಯರ ಮಾತಿನ ಮೇಲೆಯೇ ಒಪ್ಪಿಕೊಂಡಿರುತ್ತದೆ. ಮನೋವಿಜ್ಞಾನಿ ಪಾಲ್ ಹ್ಯಾರಿಸ್ ಅವರ ತಂಡ ಪರೀಕ್ಷಿಸಿದಾಗ ಮಕ್ಕಳಿಗೆ ಕ್ರಿಮಿಗಳ ಮೇಲಿದ್ದ ಖಾತ್ರಿ ದೇವರ ಮೇಲಿದ್ದುದಕ್ಕಿಂತ ತುಸು ಹೆಚ್ಚು. ಹ್ಯಾರಿಸ್ ಕೊಡುವ ಒಂದು ಕಾರಣ ನನಗೆ ಸರಿ ಅನಿಸುತ್ತದೆ. "ಕೈ ತೊಳಿ, ಕ್ರಿಮಿ ಇರುತ್ತೆ" ಎಂದು ಸಹಜವಾಗಿ ಹೇಳುತ್ತೇವೆ. "ಕ್ರಿಮಿ ಇದೆ ಅಂತ ನಂಬು" ಎಂದು ಯಾರೂ ಒತ್ತಾಯಿಸುವುದಿಲ್ಲ. ನಂಬು ಎಂದು ಹೇಳಿದ ಕೂಡಲೇ, ನಂಬದವರೂ ಇದ್ದಾರೆ ಎಂಬ ಸುಳಿವು ಮಗುವಿಗೆ ಸಿಕ್ಕಿಬಿಡುತ್ತದೆ.

[ಪರದೆ: ಮನೆ ಮಂದಿ ಮುಂಜಾನೆ ಪ್ರಾರ್ಥನೆಗೆ ಏಳುತ್ತಿದ್ದಾರೆ.]

ಇನ್ನು ನಡವಳಿಕೆ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ಒಂದು ವಾದ ಮುಂದಿಟ್ಟರು: ಕಲಿಯುವವರು ಮಾತನ್ನಷ್ಟೇ ಕೇಳುವುದಿಲ್ಲ, ಆ ಮಾತಿಗಾಗಿ ಹೇಳುವವರು ಏನು ಕಳೆದುಕೊಳ್ಳಲು ತಯಾರಿದ್ದಾರೆ ಎಂದು ನೋಡುತ್ತಾರೆ. ಉಪವಾಸದ ದಿನ ನಿಜಕ್ಕೂ ಹಸಿದಿರುವುದು, ನಿದ್ದೆಗೆಟ್ಟು ಪ್ರಾರ್ಥನೆಗೆ ಏಳುವುದು, ಕೈ ಬಿಗಿಯಿದ್ದಾಗಲೂ ದಾನ ಕೊಡುವುದು. ಇಂಥದ್ದನ್ನು ನೋಡುತ್ತಾ ಬೆಳೆದವರಲ್ಲಿ ನಂಬಿಕೆ ಉಳಿಯುವ ಸಾಧ್ಯತೆ ಹೆಚ್ಚೆಂದು ಮುಂದಿನ ಸಮೀಕ್ಷೆಗಳೂ ತೋರಿಸಿವೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವ ಮನೆಯಲ್ಲಿ ಎಷ್ಟೇ ಶ್ಲೋಕ ಬಾಯಿಪಾಠ ಮಾಡಿಸಿದರೂ ನಂಬಿಕೆ ಇಳಿಯದಿರುವುದಕ್ಕೆ ಇದೇ ಕಾರಣ.

ನಡೆ ನುಡಿ ಎರಡೂ ಸರಿಯಿದ್ದು ಮನೆಯಲ್ಲಿ ಪ್ರೀತಿಯಿಲ್ಲದಿದ್ದರೂ ಕೆಲಸ ಕೆಡುತ್ತದೆ. ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್ಸನ್ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 350ಕ್ಕೂ ಹೆಚ್ಚು ಕುಟುಂಬಗಳನ್ನು 1970ರ ಸುಮಾರಿನಿಂದ ಮೂರು ದಶಕ ಮೀರಿ ಹಿಂಬಾಲಿಸಿದರು. ತಂದೆತಾಯಿ ತಮಗೆ ಹತ್ತಿರದವರು ಎಂದ ಮಕ್ಕಳು ಅವರ ಧರ್ಮವನ್ನು ಹೆಚ್ಚಾಗಿ ಉಳಿಸಿಕೊಂಡಿದ್ದರು. ಅದರಲ್ಲೂ ತಂದೆಯ ಜೊತೆಗಿನ ಸಲಿಗೆಯ ಪರಿಣಾಮ ಎದ್ದು ಕಂಡಿತು. ತಂದೆ ಎಷ್ಟೇ ನಿಷ್ಠಾವಂತನಾಗಿದ್ದರೂ ದೂರದವನೂ ಗದರುವವನೂ ಆಗಿದ್ದರೆ ಆ ನಿಷ್ಠೆ ಮಕ್ಕಳಿಗೆ ದಾಟುವುದು ಕಷ್ಟ. ಬಿಗಿ ಹಿಡಿದಷ್ಟೂ ಮಕ್ಕಳು ಕೈಗೆ ಸಿಗುತ್ತಾರೆ ಎಂದುಕೊಂಡ ಪೋಷಕರು ಇದನ್ನು ಎರಡು ಸಲ ಕೇಳಿಸಿಕೊಳ್ಳಬೇಕು.

[ಪರದೆ: ಇಬ್ಬರು ಅವಳಿಗಳು. ಪಕ್ಕದಲ್ಲಿ 56 → 18, 12 → 44.]

ಈಗ ಹೆಚ್ಚಿನವರು ಎಡವುವ ಜಾಗಕ್ಕೆ ಬರೋಣ. ಯಾವ ಧರ್ಮ ಎಂಬುದು ಒಂದು ಪ್ರಶ್ನೆ, ಎಷ್ಟು ಧಾರ್ಮಿಕರು ಎಂಬುದು ಬೇರೆ ಪ್ರಶ್ನೆ. ಮೊದಲನೆಯದನ್ನು ಬಹುಪಾಲು ಬೆಳೆದ ಪರಿಸರ ತೀರ್ಮಾನಿಸುತ್ತದೆ. ಎರಡನೆಯದನ್ನು ಯಾವುದು ತೀರ್ಮಾನಿಸುತ್ತದೆ ಎಂಬುದು ವಯಸ್ಸಿನೊಡನೆ ಬದಲಾಗುತ್ತದೆ. ಮನೋವಿಜ್ಞಾನಿ ಲಾರಾ ಕೋನಿಗ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ವಯಸ್ಕ ಗಂಡು ಅವಳಿಗಳ ಅಧ್ಯಯನದಲ್ಲಿ, ಧಾರ್ಮಿಕತೆಯಲ್ಲಿ ಜನರ ನಡುವೆ ಇರುವ ವ್ಯತ್ಯಾಸಕ್ಕೆ ಹದಿಹರೆಯದಲ್ಲಿ ಮನೆಯ ಪರಿಸರದ ಪಾಲು 56 ಶೇಕಡಾ, ಜೀನ್‌ಗಳದು 12. ದೊಡ್ಡವರಾದ ಮೇಲೆ ಮನೆಯದು 18ಕ್ಕೆ ಇಳಿದು ಜೀನ್‌ಗಳದು 44ಕ್ಕೆ ಏರಿತು.

ಇದನ್ನು "ನನ್ನ ಭಕ್ತಿಯಲ್ಲಿ 44 ಶೇಕಡಾ ಜೀನ್‌ನಿಂದ ಬಂದದ್ದು" ಎಂದು ಓದಿದರೆ ತಪ್ಪು. ಇದು ಗುಂಪಿನೊಳಗಿನ ವ್ಯತ್ಯಾಸದ ಲೆಕ್ಕ; ಒಬ್ಬ ವ್ಯಕ್ತಿಗೆ ಅನ್ವಯಿಸುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಇದೆ. ಹದಿಹರೆಯದ ಅಂಕಿಗಳು ಆ ಅವಳಿಗಳು ದೊಡ್ಡವರಾದ ಮೇಲೆ ನೆನಪಿಸಿಕೊಂಡು ಹೇಳಿದ್ದು. ಈಗಿನ ಮನಸ್ಥಿತಿ ಹಳೆಯ ನೆನಪಿಗೆ ಬಣ್ಣ ಬಳಿಯುತ್ತದೆ.

ನಿಮ್ಮದೇ ನಂಬಿಕೆಯನ್ನು ಪರಿಶೀಲಿಸುವಾಗಲೂ ಇದು ನೆನಪಿರಲಿ. ಒಂದು ಹಾಳೆಯಲ್ಲಿ ನೀವು ಇಂದು ನಂಬುವ ಐದಾರು ಸಂಗತಿ ಬರೆಯಿರಿ. ಪ್ರತಿಯೊಂದರ ಮುಂದೆ, ಮೊದಲು ಯಾರಿಂದ ಕೇಳಿದಿರಿ, ಅವರು ಅದಕ್ಕಾಗಿ ಏನು ಮಾಡುತ್ತಿದ್ದುದನ್ನು ಕಂಡಿರಿ, ಅದನ್ನು ಪ್ರಶ್ನಿಸಿದಾಗ ಏನಾಯಿತು ಎಂದು ಗುರುತಿಸಿ. ಆಮೇಲೆ ಅಣ್ಣನನ್ನೋ ತಂಗಿಯನ್ನೋ ಕೇಳಿ ತಾಳೆ ನೋಡಿ. ಒಂದೇ ಸೂರಿನಡಿ ಬೆಳೆದವರ ಉತ್ತರಗಳೂ ಬೇರೆಯಾಗುತ್ತವೆ. ಹಾಗೆಂದು, ಮನೆಯಿಂದ ಬಂದದ್ದೆಂದು ತಿಳಿದ ಮಾತ್ರಕ್ಕೆ ಒಂದು ನಂಬಿಕೆ ಸುಳ್ಳಾಗುವುದಿಲ್ಲ, ನಿಜವೂ ಆಗುವುದಿಲ್ಲ. ದೇವರಿಲ್ಲ ಎನ್ನುವ ಮನೆಗೂ ಇದೇ ಮಾತು. ಬ್ರಿಟನ್ನಿನ ಅಂಕಿಗಳನ್ನು ನೋಡಿದ ಸಂಶೋಧಕರಾದ ಡೇವಿಡ್ ವೋಸ್ ಮತ್ತು ಅಲಸ್ಡೇರ್ ಕ್ರಾಕೆಟ್ 2005ರಲ್ಲಿ ಬರೆದರು: ತಂದೆತಾಯಿ ಇಬ್ಬರೂ ಧಾರ್ಮಿಕರಾಗಿದ್ದರೆ ಮಕ್ಕಳಿಗೆ ಅದು ದಾಟುವ ಸಾಧ್ಯತೆ ಸುಮಾರು ಅರ್ಧ, ಒಬ್ಬರೇ ಆಗಿದ್ದರೆ ಅದರರ್ಧ, ಇಬ್ಬರೂ ಅಲ್ಲದಿದ್ದರೆ ಆ ಧರ್ಮರಾಹಿತ್ಯ ಬಹುತೇಕ ಪೂರ್ತಿಯಾಗಿ ದಾಟುತ್ತದೆ.

[ಪರದೆ: ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, 1989, 14ನೇ ವಿಧಿ.]

ಹಾಗಾದರೆ ಮಗುವಿಗೆ ದಾಟಿಸುವ ಹಕ್ಕು ಪೋಷಕರಿಗೆ ಎಷ್ಟಿದೆ? ಈ ಒಡಂಬಡಿಕೆ ಆಲೋಚನೆ, ಆತ್ಮಸಾಕ್ಷಿ, ಧರ್ಮದ ಸ್ವಾತಂತ್ರ್ಯವನ್ನು ಮಗುವಿಗೇ ಕೊಡುತ್ತದೆ. ದಾರಿ ತೋರಿಸುವ ಹಕ್ಕು, ಹೊಣೆ ಎರಡೂ ಪೋಷಕರಿಗಿವೆ, ಆದರೆ ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ತಕ್ಕಂತೆ. ಇಂತಿಷ್ಟೇ ವಯಸ್ಸು ಎಂದು ಆ ವಿಧಿ ಗೆರೆ ಎಳೆದಿಲ್ಲ.