ಲಾಗ್‌ನಲ್ಲಿ ಕೊನೆಯ ಐದು ನಿಮಿಷ ಏಕೆ ಕಾಣಿಸುವುದಿಲ್ಲ?

ಮಡಿಕೇರಿಯ ಹಿರಿಯರೇ, ಸೋಮವಾರಪೇಟೆ, ವಿರಾಜಪೇಟೆ ಕಡೆಯಿಂದ ಬಂದಿರುವ ಗೆಳೆಯರೇ,

ನಿಮ್ಮಲ್ಲಿ ಬಹುಪಾಲು ಮಂದಿ ತೋಟದ ಕಚೇರಿ, ಅಂಗಡಿ, ಸಹಕಾರ ಸಂಘಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವರು. ಮಳೆಗಾಲ ಹಿಡಿದರೆ ಒಂದೇ ದೂರು: ಕಂಪ್ಯೂಟರ್ ತಾನಾಗಿ ಆಫ್ ಆಯಿತು, ಲಾಗ್‌ನಲ್ಲಿ, ಅಂದರೆ ಕಂಪ್ಯೂಟರ್ ತನ್ನಲ್ಲಿ ನಡೆದದ್ದನ್ನು ಸಮಯದೊಂದಿಗೆ ಬರೆದಿಡುವ ದಾಖಲೆಯಲ್ಲಿ, ಏನೂ ಇಲ್ಲ. ಕೂಡಲೇ ಹಾರ್ಡ್ ಡಿಸ್ಕ್ ಮೇಲೆ ಅನುಮಾನ. ಅದಕ್ಕಿಂತ ಮೊದಲು ಲಾಗ್ ನಂಬಿಕೆಗೆ ಅರ್ಹವೇ ಎಂದು ನೋಡಬೇಕು ಎನ್ನುವುದು ನನ್ನ ಖಚಿತ ನಿಲುವು. ತೋಟದ ಗುಮಾಸ್ತರಾದ ರೈಟರು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವ ಮಳೆ ಲೆಕ್ಕದಲ್ಲಿ ಒಂದು ವಾರ ಖಾಲಿಯಿದ್ದರೆ, ಆ ವಾರ ಮಳೆಯೇ ಬರಲಿಲ್ಲ ಎಂದು ಯಾರೂ ಹೇಳುವುದಿಲ್ಲ.

ಲಿನಕ್ಸ್ ಇರುವ ಕಂಪ್ಯೂಟರ್‌ನಲ್ಲಿ ಲಾಗ್ ಬರೆಯುವುದು ಸಾಮಾನ್ಯವಾಗಿ ಸಿಸ್ಟಮ್‌ಡಿ (systemd) ಎಂಬ, ಹಿನ್ನೆಲೆ ಸೇವೆಗಳನ್ನು ನಡೆಸುವ ತಂತ್ರಾಂಶದ ಜರ್ನಲ್. ಅದರ ಸ್ಟೋರೇಜ್ 'ಆಟೋ' ಎಂದಿದ್ದು, ವಾರ್ ಲಾಗ್ (/var/log) ಫೋಲ್ಡರ್‌ನೊಳಗೆ ಜರ್ನಲ್ ಎಂಬ ಫೋಲ್ಡರ್ ಇಲ್ಲದಿದ್ದರೆ, ಎಲ್ಲವೂ ಮೆಮೊರಿಯಲ್ಲಷ್ಟೇ ಉಳಿಯುತ್ತದೆ; ಆಫ್ ಆದೊಡನೆ ಅಳಿಸಿಹೋಗುತ್ತದೆ. ಸ್ಟೋರೇಜನ್ನು 'ಪರ್ಸಿಸ್ಟೆಂಟ್' (ಡಿಸ್ಕಿನಲ್ಲಿ ಉಳಿಯುವಂಥದ್ದು) ಎಂದು ಬದಲಿಸಿ.

ಅಷ್ಟಕ್ಕೇ ಮುಗಿಯಲಿಲ್ಲ. ತೀರಾ ಗಂಭೀರ ಸಂದೇಶಗಳನ್ನು ಜರ್ನಲ್ ತಕ್ಷಣ ಡಿಸ್ಕಿಗೆ ಇಳಿಸುತ್ತದೆ. ಉಳಿದವುಗಳಿಗೆ ಸಿಂಕ್ ಅವಧಿ, ಅಂದರೆ ಡಿಸ್ಕಿಗೆ ಇಳಿಸುವ ಮುನ್ನ ಕಾಯುವ ಹೊತ್ತು, ನಾವು ಬದಲಿಸದಿದ್ದರೆ 5 ನಿಮಿಷ. ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ, ನಿಮಗೆ ಬೇಕಾದ ಆ ಕೊನೆಯ ನಿಮಿಷಗಳೇ ಇಲ್ಲವಾಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಾದರೂ ಅವಧಿಯನ್ನು 30 ಸೆಕೆಂಡಿಗೆ ಇಳಿಸಿ. ಡಿಸ್ಕಿಗೆ ಕೆಲಸ ಸ್ವಲ್ಪ ಹೆಚ್ಚುತ್ತದೆ, ಹೆಚ್ಚಲಿ. ಬರೆಯುವಾಗಲೇ ಕರೆಂಟ್ ಹೋಗಿ ಫೈಲ್ ಕೆಟ್ಟಿರಬಹುದು. ಜರ್ನಲ್ ಓದುವ ಆಜ್ಞೆಯಾದ ಜರ್ನಲ್‌ಸಿಟಿಎಲ್‌ನ (journalctl) ವೆರಿಫೈ ಆಯ್ಕೆ ಅದನ್ನು ತೋರಿಸುತ್ತದೆ.

ವಿಂಡೋಸ್‌ನಲ್ಲಿ ಲಾಗ್ ತೋರಿಸುವ ಇವೆಂಟ್ ವ್ಯೂವರ್ ತೆರೆದರೆ ಕರ್ನಲ್ ಪವರ್ 41 ಎಂಬ ಇವೆಂಟ್ (ದಾಖಲೆ) ಕಾಣುತ್ತದೆ. ಅದರಿಂದ ಹೆದರಿ ಮದರ್‌ಬೋರ್ಡ್ ಬದಲಿಸಿಬಿಡಬೇಡಿ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ, ಕಾರಣ ಅಲ್ಲಿರುವುದಿಲ್ಲ. ಅದು ದಾಖಲಾಗುವುದೂ ಮತ್ತೆ ಆನ್ ಆದ ಮೇಲೆ. ಆಫ್ ಆದ ಹೊತ್ತು ಬೇಕಿದ್ದರೆ 6008 ಎಂಬ ಇವೆಂಟ್ ಓದಿ.

ಇನ್ನು ಗಡಿಯಾರ. ನಮ್ಮ ಊರುಗಳಲ್ಲಿ ಇದೇ ದೊಡ್ಡ ತಲೆನೋವು. ಸಿಡಿಲಿಗೆ ಹೆದರಿ ಸಂಜೆ ಪ್ಲಗ್ ಕಿತ್ತಿಡುತ್ತೇವೆ, ಅದು ಸರಿಯಾದ ರೂಢಿಯೇ. ಆಗ ಸಮಯ ಕಾಯುವುದು ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ 3 ವೋಲ್ಟಿನ ಸಿಆರ್2032 ಸೆಲ್ ಮಾತ್ರ. ಸೆಲ್ ಸೋತಿದ್ದರೆ ಬೆಳಿಗ್ಗೆ ಕಂಪ್ಯೂಟರ್ ಯಾವುದೋ ಹಳೆಯ ದಿನಾಂಕದಲ್ಲಿ ಏಳುತ್ತದೆ. ಇಂಟರ್‌ನೆಟ್ ಬಂದ ಮೇಲಷ್ಟೇ ಸಮಯ ಇಂದಿಗೆ ಜಿಗಿಯುತ್ತದೆ. ಮಳೆಗೆ ನೆಟ್ ಕೂಡ ಹೋಗಿದ್ದರೆ ದಿನವಿಡೀ ತಪ್ಪು ದಿನಾಂಕವೇ. ನೀವು ನಿನ್ನೆಯ ಲಾಗ್ ಹುಡುಕುತ್ತೀರಿ, ಅದು ಎಷ್ಟೋ ವರ್ಷ ಹಿಂದೆ ಹೋಗಿ ಕುಳಿತಿರುತ್ತದೆ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದು ಐದೂವರೆ ಗಂಟೆಯ ವ್ಯತ್ಯಾಸ ಬರುತ್ತಿದ್ದರೆ ಸೆಲ್ ದೂರಬೇಡಿ. ಯಂತ್ರದ ಗಡಿಯಾರವನ್ನು ವಿಂಡೋಸ್ ಭಾರತೀಯ ಕಾಲಮಾನ ಎಂದೂ ಲಿನಕ್ಸ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನ) ಎಂದೂ ಓದುತ್ತದೆ, ಅಷ್ಟೇ.

ಹೊಸ ಡಿಸ್ಕಿಗೆ ಹಣ ಹಾಕುವ ಮುನ್ನ ಸೆಲ್ ಬದಲಿಸಿ, ಯುಪಿಎಸ್ ಬ್ಯಾಟರಿ ನೋಡಿ. ಆಮೇಲೆ ಲಿನಕ್ಸ್‌ನಲ್ಲಿ ಲಾಗರ್ (logger) ಆಜ್ಞೆಯಿಂದ ಲಾಗ್‌ಗೆ ನಿಮ್ಮದೇ ಒಂದು ಸಾಲು ಬರೆಸಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಹಿಂದಿನ ಬೂಟ್‌ನ (ರೀಸ್ಟಾರ್ಟ್‌ಗೆ ಮುಂಚಿನ ಅವಧಿಯ) ಲಾಗ್‌ನಲ್ಲಿ ಆ ಸಾಲು ಸರಿಯಾದ ಸಮಯದೊಂದಿಗೆ ಇದೆಯೇ ನೋಡಿ. ಈ ಪರೀಕ್ಷೆ ಮೇ ತಿಂಗಳಲ್ಲೇ ಮುಗಿದಿರಲಿ.