‘ಬರುವುದು’ ಅನ್ನೋ ಚೀನೀ ಅಕ್ಷರದಲ್ಲಿ ಗೋಧಿ ಗಿಡ ಯಾಕಿದೆ?

ನಮಸ್ಕಾರ. ಚೀನೀ ಭಾಷೆಯಲ್ಲಿ ‘ಬರುವುದು’ ಅಂದರೆ ‘ಲೈ’. ಬರುವುದನ್ನು ಚಿತ್ರವಾಗಿ ತೋರಿಸಬೇಕಾದರೆ ಕಾಲು ಬಿಡಿಸಬಹುದು, ಇಲ್ಲಾ ದಾರಿ ಬಿಡಿಸಬಹುದು, ಅಲ್ವಾ? ಈಗ ಇದರ ಹಳೇ ರೂಪ ನೋಡಿ.

(ಪರದೆ ಮೇಲೆ: ಮೂಳೆಯಲ್ಲಿ ಕೆತ್ತಿದ ಅಕ್ಷರ, ತೀರಾ ಹತ್ತಿರದಿಂದ)

ನಡುವೆ ಒಂದು ದಂಟು. ಎರಡೂ ಕಡೆ ಬಾಗಿದ ಎಲೆ. ಕೆಳಗೆ ಬೇರು. ಇದು ಗೋಧಿ ಗಿಡ!

ಹೆನಾನ್ ಪ್ರಾಂತ್ಯದ ಅನ್ಯಾಂಗ್‌ನಲ್ಲಿ ಶಾಂಗ್ ರಾಜರ ಕಾಲದ ಇಂಥ ಮೂಳೆಗಳು ರಾಶಿ ರಾಶಿ ಸಿಕ್ಕಿವೆ. ವಯಸ್ಸು ಸುಮಾರು 3,200 ವರ್ಷ. ದನದ ಹೆಗಲ ಮೂಳೆ ಅಥವಾ ಆಮೆ ಚಿಪ್ಪನ್ನು ಕಾಯಿಸಿ, ಬಿದ್ದ ಬಿರುಕು ನೋಡಿ ಶಕುನ ಹೇಳುತ್ತಿದ್ದರು. ಕೇಳಿದ ಪ್ರಶ್ನೆಯನ್ನು ಅದರ ಮೇಲೇ ಕೆತ್ತುತ್ತಿದ್ದರು. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು: ಇವತ್ತು ಮಳೆ. ಪಡುವಣದಿಂದ ಬರುತ್ತದಾ? ಮೂಡಣದಿಂದ ಬರುತ್ತದಾ? ಬಡಗಣದಿಂದ ಬರುತ್ತದಾ? ತೆಂಕಣದಿಂದ ಬರುತ್ತದಾ? ನಾಲ್ಕು ಸಲವೂ ‘ಬರುತ್ತದಾ’ ಅನ್ನೋ ಜಾಗದಲ್ಲಿ ಅದೇ ಗೋಧಿ ಗಿಡ ನಿಂತಿದೆ. ಓದಿದರೆ ಹಾಡಿನ ಹಾಗೇ ಕೇಳಿಸುತ್ತದೆ.

ಗೋಧಿಗೂ ಬರುವುದಕ್ಕೂ ಏನು ನಂಟು? ಸುಮಾರು ಕ್ರಿ.ಶ. 100ರಲ್ಲಿ ನಿಘಂಟು ಬರೆದ ಷು ಷೆನ್, ಗೋಧಿ ಸ್ವರ್ಗದಿಂದ ಬಂದದ್ದು, ಅದಕ್ಕೇ ಈ ಅರ್ಥ ಅಂದ. ಗೋಧಿ ಚೀನಾಕ್ಕೆ ಹೊರಗಿನಿಂದ, ಪಶ್ಚಿಮದಿಂದ ಬಂದ ಬೆಳೆ ಅನ್ನೋದು ನಿಜ. ಆದರೆ ಇಂದಿನ ವಿದ್ವಾಂಸರ ವಿವರಣೆ ಇನ್ನೂ ಸರಳ, ನನಗೂ ಅದೇ ಸರಿ ಅನಿಸುತ್ತದೆ. ಆಗ ಎರಡೂ ಮಾತಿನ ಉಚ್ಚಾರ ಹತ್ತಿರ ಹತ್ತಿರ ಇತ್ತು. ಬರುವುದನ್ನು ಬಿಡಿಸೋದು ಕಷ್ಟ, ಗೋಧಿ ಸುಲಭ. ಸುಮ್ನೆ ಎರವಲು ತಗೊಂಡರು.

ಸರಿ, ಈಗ ಗೋಧಿಗೆ ಏನು ಬರೆಯೋದು? ಅದಕ್ಕೆ ‘ಮೈ’ ಅನ್ನೋ ಅಕ್ಷರವಿದೆ: ಅದೇ ಗಿಡ, ಕೆಳಗೊಂದು ಪಾದ! ನಡೆದು ಬರೋದಕ್ಕೆ ತಾನೇ ಪಾದ ಬೇಕಿದ್ದದ್ದು? ಎರಡು ಅಕ್ಷರ ಅದಲುಬದಲಾಗಿವೆ ಅಂತ ಹಲವರು ಹೇಳುತ್ತಾರೆ.

ಸಮಯ ಕಡಿಮೆ ಇದೆ, ಬಳಕೆಯನ್ನು ಬೇಗ ಹೇಳಿಬಿಡುತ್ತೇನೆ. ಹಳೇ ಚೀನೀ ಭಾಷೆಯಲ್ಲಿ ‘ಲೈ’ ಆದಮೇಲೆ ಕರ್ಮಪದ ಇಟ್ಟರೆ ‘ಬರುವಂತೆ ಮಾಡು’ ಅಂತಲೂ ಆಗುತ್ತದೆ. ದೂರದ ಜನ ಒಲಿಯದಿದ್ದರೆ ಒಳ್ಳೆಯ ನಡತೆಯಿಂದ ಅವರನ್ನು ಬರಮಾಡಿಕೊಳ್ಳಿ ಅನ್ನೋ ಕನ್‌ಫ್ಯೂಷಿಯಸ್ ಮಾತಿನಲ್ಲಿ ಇರೋದು ಇದೇ. ಬುದ್ಧನ ‘ತಥಾಗತ’ ಅನ್ನೋ ಹೆಸರನ್ನು ಚೀನೀಯರು ‘ರುಲೈ’ ಮಾಡಿಕೊಂಡರು, ಅಂದರೆ ‘ಹಾಗೆ ಬಂದವನು’. ಇನ್ನು ಕ್ರಿ.ಶ. 405ರಲ್ಲಿ ಸರ್ಕಾರಿ ಕೆಲಸ ಬಿಟ್ಟು ಊರಿಗೆ ಹೊರಟ ಕವಿ ತಾವೊ ಯುವಾನ್‌ಮಿಂಗ್ ‘ಗುಯ್ ಚ್ಯು ಲೈ’ ಅಂತ ಬರೆದ. ಅಲ್ಲಿ ಯಾರೂ ಬರುತ್ತಿಲ್ಲ. ‘ಮನೆಗೆ ಹೋಗೋಣ ಬಾ’ ಅನ್ನುವಾಗ ನಾವು ಹಾಕೋ ‘ಬಾ’ ಇದೆಯಲ್ಲ, ಅಂಥದ್ದೇ ಒತ್ತು ಅದು.