ಜೋಗ, ಕೆಳದಿ ಮತ್ತು ಗುಲಾಬಿ ಕರ್ಚೀಫು

ಈ ಶಾಟ್ ಮಸುಕಾಗಿದೆ ಅಂತ ಲೆನ್ಸನ್ನು ಬೈಯಬೇಡಿ, ಲೆನ್ಸ್ ಸರಿಯಾಗೇ ಇದೆ. ಸಾಗರ ದಾಟಿ ತಾಳಗುಪ್ಪದ ಕಡೆ ಹೊರಟಿದ್ದೇವೆ. ಜುಲೈ ತಿಂಗಳು, ಮಳೆ ಸುರಿಯುತ್ತಲೇ ಇದೆ. ಸ್ಟೀರಿಂಗ್ ಹಿಡಿದಿರುವವನು ತಮ್ಮ, ಗಾಡಿಯೂ ಅವನದೇ. ಹಿಂದಿನ ಸೀಟು ಪೂರ್ತಿ ಅಕ್ಕನದು. ನನ್ನ ಎದುರಿಗೆ ಗಾಜಿನ ಮೇಲೆ ಏನೋ ಗುಲಾಬಿ ಬಣ್ಣದ್ದು ಓಡಾಡುತ್ತಿದೆ, ನೋಡಿದಿರಾ? ಅದು ಅಕ್ಕನ ಕರ್ಚೀಫು.

ಆಗಿದ್ದಿಷ್ಟು. ಆನಂದಪುರದ ಹತ್ತಿರ ಡ್ರೈವರ್ ಕಡೆಯ ವೈಪರ್ ರಬ್ಬರ್ ಅರ್ಧ ಕಿತ್ತು ಬಂತು. ಗಾಜಿನ ಮೇಲೆ ಕೇರೆಹಾವಿನ ಹಾಗೆ ಹೊರಳಾಡತೊಡಗಿತು. "ಮಳೆಗಾಲಕ್ಕೆ ಮುಂಚೆನೇ ಹೊಸದು ಹಾಕಿಸಿದ್ದೆ" ಅಂದ ತಮ್ಮ. "ಯಾವ ಮಳೆಗಾಲಕ್ಕೆ?" ಅಂದಳು ಅಕ್ಕ. ಅವನು ರೇಡಿಯೋ ಜೋರು ಮಾಡಿದ. ಸಾಗರದಲ್ಲಿ ಒಂದು ಅಂಗಡಿ ಸಿಕ್ಕಿತು. ಒಂದು ಬ್ಲೇಡ್ ಕೊಡಿ ಅಂದರೆ, ಬಿಡಿ ಕೊಡಲ್ಲ, ಜೋಡಿನೇ ತಗೊಳ್ಳಿ, 900 ರೂಪಾಯಿ ಅಂದರು. ಅದು ಈ ಗಾಡಿಯ ಅಳತೆಯೂ ಅಲ್ಲ. "ಅಡ್ಜಸ್ಟ್ ಆಗುತ್ತೆ" ಅಂತೆ. ಹೇಗೆ ಆಗುತ್ತೆ? ಉದ್ದದ ಬ್ಲೇಡ್ ಎರಡು ಹಾಕಿದರೆ ನಡುವೆ ಒಂದಕ್ಕೊಂದು ಬಡಿದುಕೊಳ್ಳುತ್ತವೆ, ಅಷ್ಟೇ. ಆದರೂ ನಾನು ಕೊಟ್ಟುಬಿಡು ಅಂದೆ. ಜೋಗದ ಮಳೆಯಲ್ಲಿ 900 ರೂಪಾಯಿ ಮುಖ ನೋಡಬಾರದು ಅಲ್ವಾ. ತಮ್ಮನಿಗೆ ಮಾತ್ರ ಸ್ವಾಭಿಮಾನ ಬಂತು. ನನ್ನ ಕಡೆಯ ಬ್ಲೇಡ್ ಬಿಚ್ಚಿ ತನ್ನ ಕಡೆ ಹಾಕಿಕೊಂಡ. ಖಾಲಿ ಕೋಲು ಗಾಜು ಗೀಚದಿರಲಿ ಅಂತ ತುದಿಗೆ ಕರ್ಚೀಫ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ. ಅದು ನೀರು ಒರೆಸುವುದಿಲ್ಲ, ಬಳಿಯುತ್ತದೆ. ನಾನು ತಾಳಗುಪ್ಪ ನೋಡಿದ್ದು ಹೀಗೆ.

ಸರಿ, ಜೋಗ ಬಂತು. ಇದೇ ಜೋಗ. ನಿಮಗೆ ಕಾಣುತ್ತಿರುವುದು ಬಿಳಿ ಪರದೆ, ನಮಗೆ ಕಂಡಿದ್ದೂ ಅಷ್ಟೇ. ಸದ್ದು ಮಾತ್ರ ಕೇಳಿ. ಆ ಮಂಜಿನ ಹಿಂದೆ ಶರಾವತಿ 253 ಮೀಟರ್, ಅಂದರೆ 830 ಅಡಿ ಕೆಳಗೆ ಬೀಳುತ್ತಿದ್ದಾಳೆ. ಎಡದಿಂದ ರಾಜ, ರೋರರ್, ರಾಕೆಟ್, ರಾಣಿ. ಅಕ್ಕ ಮಂಜಿಗೆ ಬೆರಳು ತೋರಿಸಿ ಹೆಸರು ಹೇಳುತ್ತಿದ್ದಳು, ಹಾಜರಿ ಕರೆದಂತೆ.

ಜೋಗದ್ದು ಇದೇ ರಗಳೆ. ನೀರಿದ್ದಾಗ ಮಂಜು, ಮಂಜಿಲ್ಲದಾಗ ನೀರಿಲ್ಲ. ಬೇಸಿಗೆಯಲ್ಲಿ ಬಂದವರು ಬಂಡೆ ನೋಡಿಕೊಂಡು ಹೋಗುತ್ತಾರೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, 1964ರದ್ದು. ನೀರು ಅಲ್ಲಿ ನಿಂತು ಕರೆಂಟಾಗುತ್ತದೆ. ಅದರ ಮೇಲೆ ಕೋಪ ಮಾಡಿಕೊಳ್ಳೋಣ ಅಂತ ಶುರು ಮಾಡಿದೆ, ತಮ್ಮ ನನ್ನ ಕೈಯಲ್ಲಿದ್ದ ಚಾರ್ಜರ್ ನೋಡಿದ. ಸುಮ್ಮನಾದೆ. ಕೆಳಗಿಳಿಯುವ ಮೆಟ್ಟಿಲಿಗೆ ಬಾಗಿಲು ಹಾಕಿದ್ದರು. ಮಳೆಯಲ್ಲಿ ಹಾಕುವುದೇ ಸರಿ, ಪಾಚಿ ನೋಡಿದರೆ ಗೊತ್ತಾಗುತ್ತದೆ.

ಜೋಗ ಸುಮ್ನೆ ಹೆಸರಿಗಷ್ಟೇ ಅಂತ ಕ್ಯಾಮೆರಾ ಮುಂದೆ ಹೇಳುತ್ತಿದ್ದೆ. ಇಲ್ಲಿ, ಇಲ್ಲೇ ನೋಡಿ! ನನ್ನ ಮುಖದ ಹಿಂದೆ. ಮಂಜು ಬಲಗಡೆಯಿಂದ ಸರಿಯಿತು. ಮೊದಲು ರಾಣಿ, ಆಮೇಲೆ ರಾಕೆಟ್. ನೀರು ಬಿಳಿ ಅಂದುಕೊಂಡಿದ್ದೆ, ಅಲ್ಲ, ಕೆಮ್ಮಣ್ಣು ಕಲಸಿದ ಬಣ್ಣ. ಅಂಚಿನಲ್ಲಿ ದಪ್ಪಗಿದ್ದದ್ದು ಕೆಳಗಿಳಿಯುವಷ್ಟರಲ್ಲಿ ಹೊಗೆಯಾಗುತ್ತದೆ. ರಾಜ ಕಾಣುವ ಮುಂಚೆಯೇ ಮತ್ತೆ ಪರದೆ. ಹಿಂದೆ ಹೇಳಿದ್ದು ವಾಪಸ್, ಮಳೆಗಾಲದಲ್ಲೇ ಬನ್ನಿ. ವೈಪರ್ ಜೊತೆ.

ಇಲ್ಲಿಂದ ಮುಂದಿನದು ಅಕ್ಕನ ಹಟ. ಸಾಗರಕ್ಕೆ ವಾಪಸ್ ಬಂದು ಕೆಳದಿಯ ಮ್ಯೂಸಿಯಂ. ತಮ್ಮ ಕಾರಲ್ಲೇ ಮಲಗುತ್ತೇನೆ ಅಂದ. ನನಗೂ ಮ್ಯೂಸಿಯಂ ಅಂದರೆ ಆಕಳಿಕೆ. ಒಳಗೆ ಕ್ಯಾಮೆರಾ ತೆಗೆಯಲಿಲ್ಲ, ಹಾಗಾಗಿ ಪಕ್ಕದ ದೇವಸ್ಥಾನ ನೋಡುತ್ತಾ ಕೇಳಿಸಿಕೊಳ್ಳಿ. ಕೆಳದಿ ನಾಯಕರ ಕಾಲದ ಕತ್ತಿ, ನಾಣ್ಯ, ಓಲೆಗರಿಗಳ ಕಟ್ಟು. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರ ದುಡಿಮೆ ಇದರ ಹಿಂದಿದೆ. ಕತ್ತಿ ಎಲ್ಲ ಕಡೆ ಇರುತ್ತದೆ ಬಿಡಿ. ನಾನು ನಿಂತಿದ್ದು ಓಲೆಗರಿ ಮುಂದೆ. ಅದರಲ್ಲಿ ಶಾಯಿಯಿಂದ ಬರೆಯುವುದಿಲ್ಲ. ಕಂಟ ಅನ್ನುವ ಕಬ್ಬಿಣದ ಲೇಖನಿಯ ಮೊನೆಯಿಂದ ಕೊರೆದು, ಮೇಲೆ ಮಸಿ ತಿಕ್ಕಿ ಒರೆಸುತ್ತಾರೆ, ಮಸಿ ಗೀರಿನಲ್ಲಿ ಮಾತ್ರ ಉಳಿಯುತ್ತದೆ. ಗರಿಯಲ್ಲಿ ತೂತು, ತೂತಿನಲ್ಲಿ ದಾರ. ತಿಗಳಾರಿ ಅನ್ನುವ ಹಳೆಯ ಲಿಪಿಯವೂ ಇವೆ. ಒಂದಕ್ಷರ ಓದಲಾಗಲಿಲ್ಲ, ಆದರೂ ಅಲ್ಲಿಂದ ಕದಲಲಿಲ್ಲ.

ಹೊರಗೆ ಬಂದಾಗ ತಮ್ಮ ಕಾರಲ್ಲಿರಲಿಲ್ಲ. ದೇವಸ್ಥಾನದಲ್ಲಿ ತಲೆ ಎತ್ತಿಕೊಂಡು ಗಂಡಭೇರುಂಡ ನೋಡುತ್ತಿದ್ದ. ಚಾವಣಿಯಲ್ಲಿದೆ. ಈ ಶಾಟ್ ಅವನ ಫೋನಿನದು, ಅದಕ್ಕೇ ಓರೆ. ಅಕ್ಕ ಆಗ ಕೆಳದಿಯ ರಾಣಿ ಚೆನ್ನಮ್ಮನ ಕಥೆ ಶುರು ಮಾಡಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟವಳು. ಮೊಘಲ್ ಸೈನ್ಯ ಬಂತು, ಚೆನ್ನಮ್ಮ ಬಗ್ಗಲಿಲ್ಲ, ಹುಡುಗ ತಮಿಳುನಾಡಿನ ಜಿಂಜಿ ಕೋಟೆ ತಲುಪಿಕೊಂಡ. "ಅವಳಿಗೆ ತಮ್ಮ ಇರಲಿಲ್ಲ ಅನಿಸುತ್ತೆ, ಅದಕ್ಕೇ ಅಷ್ಟು ಧೈರ್ಯ" ಅಂತ ಅಕ್ಕ ಅಂದಿದ್ದು ಮೈಕ್‌ನಲ್ಲಿ ಸರಿಯಾಗಿ ಬಿದ್ದಿಲ್ಲ, ಹೇಳಿಬಿಟ್ಟೆ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೂ ಹೋದೆವು, ಶಾಟ್ ಇಲ್ಲ. ಬ್ಯಾಟರಿ ಮುಗಿದಿತ್ತು. ಸಾಗರದ ಪಕ್ಕದಲ್ಲೇ ಇದೆ, ಹೋಗುವವರು ಕೆಳದಿ ಮೊದಲು ನೋಡಿ, ಇಕ್ಕೇರಿ ಆಮೇಲೆ. ಕೆಳದಿ ನಾಯಕರ ರಾಜಧಾನಿ ಹೋದದ್ದೂ ಅದೇ ದಾರಿಯಲ್ಲಿ, ಆಮೇಲೆ ಬಿದನೂರಿಗೆ. ಬಿದನೂರು ಅಂದರೆ ಈಗ 'ನಗರ' ಅಂತ ಕರೆಯುವ ಊರು. ಅಲ್ಲಿಗೆ ಹೋಗೋಣ ಅಂತ ಅಕ್ಕ ಹೇಳುತ್ತಿದ್ದಾಳೆ, ತಮ್ಮ ಗಾಡಿ ಸ್ಟಾರ್ಟ್ ಮಾಡಿಬಿಟ್ಟ.